ಬಿನ್ನಾಣಗಿತ್ತಿಯ ಬೇರು

ಕಥೆಯೊಂದರಲ್ಲಿ ಅತ್ತೆ ತನ್ನ ಸೊಸೆಯನ್ನು ‘ಬಿನ್ನಾಣಗಿತ್ತಿ’ ಎಂದು ಕರೆಯುವುದನ್ನು ಓದಿ, ಈ ಪದ ‘ಭಿನ್ನ’ದಿಂದ ಬಂದಿದೆಯೇ, ಇದು ಹೊಗಳಿಕೆಯೋ ಬೈಗುಳವೋ ಎಂದು ಕೇಳಿದ್ದೀರಿ.

ಭಿನ್ನಕ್ಕೂ ಇದಕ್ಕೂ ನಂಟಿಲ್ಲ. ಭಿನ್ನವೆಂದರೆ ಒಡೆದದ್ದು, ಬೇರೆಯಾದದ್ದು. ಅದು ಮಹಾಪ್ರಾಣದ ಪದ. ಅಲ್ಪಪ್ರಾಣದ ಬಿನ್ನಾಣ ಸಂಸ್ಕೃತದ ‘ವಿಜ್ಞಾನ’ದ ತದ್ಭವ. ವರ್ಣ ಬಣ್ಣವಾದಂತೆ, ವನ ಬನವಾದಂತೆ ಇಲ್ಲಿಯೂ ಮೊದಲ ವಕಾರ ಬಕಾರವಾಗಿದೆ. ಸಂಜ್ಞೆ ಸನ್ನೆಯಾಯಿತು, ಯಜ್ಞ ಜನ್ನವಾಯಿತು. ಹಾಗೆಯೇ ‘ಜ್ಞ’ ಕರಗಿ ‘ನ್ನ’ ಉಳಿಯಿತು. ಪ್ರಾಕೃತದ ‘ವಿಣ್ಣಾಣ’ ನಡುವಿನ ಮೆಟ್ಟಿಲು. ಇಂಥ ಮಾರ್ಪಾಟುಗಳನ್ನು ಕೇಶಿರಾಜ 13ನೆಯ ಶತಮಾನದಲ್ಲೇ ತನ್ನ ಕನ್ನಡ ವ್ಯಾಕರಣ ‘ಶಬ್ದಮಣಿದರ್ಪಣ’ದ ಅಪಭ್ರಂಶ (ತದ್ಭವ) ಪ್ರಕರಣದಲ್ಲಿ ವಿವರಿಸಿದ್ದಾನೆ. ಇಂದಿನ ವಿಜ್ಞಾನಿಯೂ ಬಿನ್ನಾಣಗಿತ್ತಿಯೂ ಒಂದೇ ಬೇರಿನವರು ಎಂಬುದು ನನಗೆ ಇಂದಿಗೂ ಪುಳಕ ತರುವ ಸಂಗತಿ.

ಹಳಗನ್ನಡದಲ್ಲಿ ಬಿನ್ನಾಣವೆಂದರೆ ಅರಿವು, ಕೈಚಳಕ, ಕಲೆಗಾರಿಕೆ. ಬಿನ್ನಾಣಿ ಎಂದರೆ ತನ್ನ ಕೆಲಸದಲ್ಲಿ ಪಳಗಿದ ಜಾಣ. ಆ ಜಾಣ್ಮೆ ನಡಿಗೆಗೆ, ನೋಟಕ್ಕೆ, ಮಾತಿಗೆ ಇಳಿದಾಗ ಒಯ್ಯಾರವೆನಿಸಿತು. ನೋಡುವವರಿಗೆ ಅನುಮಾನ ಹುಟ್ಟಿದಾಗ ಸೋಗು, ಮೋಸವೆನಿಸಿತು. ‘ಬಿನ್ನಾಣದ ಮಾತು’ ಎಂದಾಗ ನಾವು ಎಚ್ಚರಗೊಳ್ಳುವುದು ಈ ಕೊನೆಯ ಅರ್ಥದಿಂದ. ‘ಮಾಟ’ವೂ ಹೀಗೆಯೇ ನಡೆದುಬಂದ ಪದ: ಮಾಡಿದ ರೀತಿ ಎಂಬ ಅರ್ಥದಿಂದ ಹೊರಟು, ಮಾಟವಾದ ಮೂಗಿನಲ್ಲಿ ಚೆಲುವಾಯಿತು, ಮಾಟಗಾತಿಯಲ್ಲಿ ಭಯವಾಯಿತು.

ಇನ್ನು ‘ಗಿತ್ತಿ’. ಸೂಲಗಿತ್ತಿ, ಹೂವಾಡಗಿತ್ತಿ, ಒಕ್ಕಲಗಿತ್ತಿ ಎಂಬ ಪದಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿ. ಕಸುಬು ಬಲ್ಲ ಹೆಂಗಸರ ಸಾಲು ಅದು. ಆ ಸಾಲಿನಲ್ಲಿ ನಿಂತ ಬಿನ್ನಾಣಗಿತ್ತಿಯೂ ಒಂದು ವಿದ್ಯೆಯನ್ನು ಬಲ್ಲವಳೇ. ಬರಿಯ ಚೆಲುವೆಗೆ ಈ ಹೆಸರು ಒಪ್ಪುವುದಿಲ್ಲ. ತನ್ನ ಚೆಲುವನ್ನು ಎಲ್ಲಿ ತೋರಬೇಕು, ಎಲ್ಲಿ ತಡೆಯಬೇಕು ಎಂದು ತಿಳಿದವಳಿಗೆ ಒಪ್ಪುತ್ತದೆ.

ನೀವು ಓದಿದ ಕಥೆಯಲ್ಲಿ ಅದು ಬೈಗುಳವೇ, ಸಂದೇಹವಿಲ್ಲ. ಸೊಸೆಯ ಜಾಣ್ಮೆಯನ್ನು ಕಂಡ ಅತ್ತೆ ಅದಕ್ಕೆ ಕಪಟವೆಂಬ ಬಣ್ಣ ಬಳಿದಿದ್ದಾಳೆ. ಅದೇ ಪದ ಗಂಡನ ಬಾಯಲ್ಲಿ ಬಂದಿದ್ದರೆ ಮುದ್ದಾಗುತ್ತಿತ್ತು. ಕೊಂಕಿಲ್ಲದೆ ಮೆಚ್ಚಬೇಕೆಂದರೆ ‘ಬೆಡಗಿ’ ಮೇಲು. ಅದರ ಮೂಲವಾದ ಬೆಡಗು ಸೊಬಗೂ ಹೌದು, ಒಗಟೂ ಹೌದು. ಅರ್ಥವನ್ನು ಒಳಗೆ ಬಚ್ಚಿಟ್ಟುಕೊಂಡ ವಚನಗಳನ್ನು ಬೆಡಗಿನ ವಚನಗಳೆನ್ನುವುದು ಅದಕ್ಕಾಗಿಯೇ.

– ಸಂಪಾದಕ