ಸಿದ್ಧತೆ ಮುಗಿಯುವುದು ಯಾವಾಗ?

ಓದುಗರ ಪತ್ರ (ಸಂಕ್ಷಿಪ್ತ): ಬೌದ್ಧಿಕ ಅಂಗವೈಕಲ್ಯವಿರುವ ನನ್ನ ತಮ್ಮನಿಗೆ 27 ವರ್ಷ. ಏಳು ವರ್ಷಗಳಿಂದ ತರಬೇತಿ ಕೇಂದ್ರಕ್ಕೆ ಹೋಗುತ್ತಿದ್ದಾನೆ. ‘ಕೆಲಸಕ್ಕೆ ಇನ್ನೂ ಸಿದ್ಧನಾಗಿಲ್ಲ’ ಎನ್ನುತ್ತಾರೆ. ಜಾಬ್ ಕೋಚ್ (ಕೆಲಸದ ಜಾಗದಲ್ಲೇ ಜೊತೆಗಿದ್ದು ಕಲಿಸುವವರು) ಜೊತೆ ನೇರವಾಗಿ ಕಚೇರಿಗೇ ಕಳುಹಿಸಿ ಎಂಬುದು ಪರಿಚಿತರ ಸಲಹೆ. ಕೋಚ್ ಹೊರಟುಹೋದ ಮೇಲೆ ಅವನ ಗತಿಯೇನು? – ಒಬ್ಬ ಅಕ್ಕ

ಸಂಪಾದಕರ ಉತ್ತರ: ನಿಮ್ಮ ಪತ್ರ ಓದುತ್ತ ಆ ಏಳು ವರ್ಷದ ಬಳಿ ನಿಂತುಬಿಟ್ಟೆ. ದಡದಲ್ಲಿ ಕೂರಿಸಿಕೊಂಡು ಈಜು ಕಲಿಸಿದರೆ ಇನ್ನೇನಾದೀತು? ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಒಯ್ಯುವುದೇ ನಿಮ್ಮ ತಮ್ಮನಂಥವರಲ್ಲಿ ಅನೇಕರಿಗೆ ಕಷ್ಟ. (ನಿಮಗೆ ‘ಅವನು’, ನಾನು ‘ಅವರು’ ಎನ್ನುತ್ತೇನೆ.) ಹಾಗಿರುವಾಗ ಕೆಲಸದ ಜಾಗದಲ್ಲೇ ಕಲಿಸಬೇಕಲ್ಲವೇ?

1970ರ ದಶಕದಲ್ಲಿ ಅಮೆರಿಕದ ವಿಶೇಷ ಶಿಕ್ಷಣ ತಜ್ಞ ಮಾರ್ಕ್ ಗೋಲ್ಡ್, ಕಲಿಯಲಾರರೆಂದು ಎಲ್ಲರೂ ಕೈಬಿಟ್ಟಿದ್ದವರಿಗೆ ಸೈಕಲ್ ಬ್ರೇಕಿನ ಬಿಡಿಭಾಗಗಳನ್ನು ಜೋಡಿಸಲು ಕಲಿಸಿ ತೋರಿಸಿದರು. ಕಲಿಯಲಿಲ್ಲವೆಂದರೆ ಕಲಿಸುವ ಬಗೆ ಬದಲಾಗಬೇಕು ಎಂಬುದು ಅವರ ವಾದ. ಮೊದಲು ತರಬೇತಿ, ಆಮೇಲೆ ಕೆಲಸ ಎಂಬ ಕ್ರಮವನ್ನು ‘ಬೆಂಬಲಿತ ಉದ್ಯೋಗ’ ಎಂಬ ಪದ್ಧತಿ ತಿರುಗಿಸಿಹಾಕಿತು: ಮೊದಲು ಸಂಬಳದ ಕೆಲಸ, ಕಲಿಕೆ ಅಲ್ಲಿಯೇ. ತೀವ್ರ ಮಾನಸಿಕ ಕಾಯಿಲೆಯಿದ್ದ 312 ಜನರ ಮೇಲೆ ಯುರೋಪಿನ ಆರು ಕೇಂದ್ರಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ದಾರಿ ಹಿಡಿದವರಲ್ಲಿ ಶೇ 55 ಮಂದಿ ಕೆಲಸಕ್ಕೆ ಸೇರಿದರು; ಹಳೆಯ ದಾರಿಯಲ್ಲಿ ಶೇ 28. ಒಂದು ದಿನ ದುಡಿದವರೂ ಈ ಲೆಕ್ಕದಲ್ಲಿದ್ದಾರೆ, ನಿಮ್ಮ ತಮ್ಮನ ಸ್ಥಿತಿಯೂ ಬೇರೆ. ಆದ್ದರಿಂದ ಅಂಕಿಯನ್ನು ಬಿಡಿ, ದಿಕ್ಕನ್ನು ನೋಡಿ.

ಇನ್ನು ನಿಮ್ಮ ಭಯ. ಒಳ್ಳೆಯ ಕೋಚ್ ಹೊರಡುವ ತಯಾರಿಯನ್ನು ಮೊದಲ ದಿನವೇ ಆರಂಭಿಸುತ್ತಾರೆ. ಕಡತ ಸ್ಕ್ಯಾನ್ ಮಾಡುವ ಕೆಲಸವೆಂದುಕೊಳ್ಳಿ. ಪಿನ್ ತೆಗೆಯುವುದು, ಅಂಚು ಸರಿಪಡಿಸುವುದು, ಹಾಳೆಯ ಮುಖ ನೋಡುವುದು, ಗುಂಡಿ ಒತ್ತುವುದು – ಹೀಗೆ ಬಿಡಿಸಿ, ಕೈ ಎಲ್ಲಿ ತಡೆಯುತ್ತದೋ ಅಲ್ಲಿ ಮಾತ್ರ ನೆರವು. ಹಾಳೆಯ ಮುಖ ತಪ್ಪುತ್ತಿದ್ದರೆ ಟ್ರೇ ಮೇಲೊಂದು ಚಿತ್ರ ಅಂಟಿಸಿದರೆ ಸಾಕಾಗಬಹುದು. ಕೋಚ್ ಹೋದರೂ ಚಿತ್ರ ಇರುತ್ತದೆ. ಮೊದಲು ಪಕ್ಕದ ಕುರ್ಚಿ, ಬಳಿಕ ಕೋಣೆಯ ಇನ್ನೊಂದು ತುದಿ, ಆಮೇಲೆ ವಾರಕ್ಕೊಂದು ಭೇಟಿ. ತಿಂಗಳುಗಟ್ಟಲೆ ಹೆಗಲಿಗಂಟಿ ಕೂರುವ ಕೋಚ್ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತಾರೆ: ಮೇಲ್ವಿಚಾರಕರು ಕೋಚ್‌ಗೆ ಹೇಳುತ್ತಾರೆ, ಸಹೋದ್ಯೋಗಿಗಳು ಕೋಚ್‌ನ ಬಳಿ ಹರಟುತ್ತಾರೆ, ಕೆಲಸ ಮಾಡುವವರು ಮಾತ್ರ ಮೂಕಪ್ರೇಕ್ಷಕರು. ಕಲಿಸುವ ಹೊಣೆ ಮೆಲ್ಲಗೆ ಪಕ್ಕದ ಮೇಜಿನವರಿಗೆ ದಾಟಬೇಕು. ಹಾಗೆಂದು ಕೋಚ್‌ನ ನಂಟು ಕಡಿದುಹೋಗಬಾರದು. ಮೇಲ್ವಿಚಾರಕರು ಬದಲಾದಾಗ, ಹೊಸ ಯಂತ್ರ ಬಂದಾಗ ಮತ್ತೆ ಬರಬೇಕು. ಆ ಮಾತನ್ನು ಮೊದಲೇ ಬರೆಸಿಕೊಳ್ಳಿ.

‘ಕೇಂದ್ರದಲ್ಲಾದರೆ ಸುರಕ್ಷಿತ’ ಎಂದೂ ಬರೆದಿದ್ದೀರಿ. ಸುರಕ್ಷಿತ, ನಿಜ. ಸಂಬಳವಿಲ್ಲ.

ನಮ್ಮದೂ ಒಂದು ತಪ್ಪೊಪ್ಪಿಗೆ. ಇಂಥದೇ ಒಂದು ನೇಮಕಾತಿಯ ಸುದ್ದಿಗೆ ಹಿಂದೊಮ್ಮೆ ‘ಮಾನವೀಯತೆ ಮೆರೆದ ಸಂಸ್ಥೆ’ ಎಂಬ ಶೀರ್ಷಿಕೆ ಕೊಟ್ಟಿದ್ದೆವು. ಅದಕ್ಕೆ ಒಪ್ಪಿಗೆ ಕೊಟ್ಟವನು ನಾನೇ. ದುಡಿದವರಿಗೆ ಸಂಬಳ ಕೊಡುವುದರಲ್ಲಿ ಮೆರೆಯುವಂಥದ್ದೇನಿದೆ? 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿ, ತಾವೇ ಆರಿಸಿಕೊಂಡ ಕೆಲಸದಿಂದ ಬದುಕು ಸಾಗಿಸುವುದನ್ನು ಹಕ್ಕೆಂದೇ ಕರೆದಿದೆ.

ತಾವೇ ಆರಿಸಿಕೊಂಡ ಎಂದಾಗ ನಿಮ್ಮ ಪತ್ರವನ್ನು ಮತ್ತೆ ತೆರೆದೆ. ನಿಮ್ಮ ತಮ್ಮ, ಹಳೆಯ ಪತ್ರಿಕೆಗಳನ್ನು ದಿನಾಂಕದಂತೆ ಜೋಡಿಸುತ್ತಾರೆ, ಒಂದು ಸಂಚಿಕೆ ಕಾಣದಿದ್ದರೆ ಮನೆಯೆಲ್ಲ ಹುಡುಕುತ್ತಾರೆ ಎಂದು ಅಂಚಿನಲ್ಲಿ ಬರೆದಿದ್ದೀರಿ, ‘ವಿಚಿತ್ರ ಅಭ್ಯಾಸ’ ಎಂದು. ಕೋಚ್‌ಗೆ ಮೊದಲು ಅದನ್ನು ಹೇಳಿ. ಎರಡು ಪುಟದ ಪತ್ರದಲ್ಲಿ ಕೇಂದ್ರದವರ ಮಾತಿದೆ, ಪರಿಚಿತರ ಮಾತಿದೆ, ನಿಮ್ಮ ಮಾತಿದೆ. ಅವರಿಗೆ ಯಾವ ಕೆಲಸ ಇಷ್ಟವಂತೆ? ಕೇಳಿ ಬರೆಯಿರಿ.