ಪ್ರಶ್ನೆಬ್ಯಾಂಕ್ ಮುಚ್ಚಿಟ್ಟು ಒಂದು ಲೆಕ್ಕ

ಪತ್ರ: ಸರ್, ನಮ್ಮದು ಆಲೂರಿನ ಹತ್ತಿರದ ಹಳ್ಳಿ. ಅಪ್ಪನಿಗೆ ನಾಲ್ಕು ಎಕರೆ ಕಾಫಿ ತೋಟ. ಸಿಪಿಎಲ್‌ಗೆ, ಅಂದರೆ ಪೈಲಟ್ ಕೆಲಸಕ್ಕೆ ಬೇಕಾದ ಲೈಸೆನ್ಸ್‌ಗೆ, ನಮ್ಮ ವಿಮಾನಯಾನ ಇಲಾಖೆ ಡಿಜಿಸಿಎ ನಡೆಸುವ ಪರೀಕ್ಷೆಗಳನ್ನು ಬರೆಯುತ್ತಿದ್ದೇನೆ. ಪ್ರಶ್ನೆಬ್ಯಾಂಕನ್ನು ಮೂರು ಸಲ ಮುಗಿಸಿದೆ. ಮೆಟಿಯರಾಲಜಿ (ಹವಾಮಾನ) ಪಾಸಾಯಿತು, ನ್ಯಾವಿಗೇಷನ್‌ನಲ್ಲಿ (ದಾರಿ ಕಂಡುಕೊಳ್ಳುವ ಲೆಕ್ಕ) 58 ಬಂದು ಫೇಲಾದೆ. ನನ್ನ ಜೊತೆಯವನು ಬರೀ ಬ್ಯಾಂಕ್ ಓದಿ ಎಲ್ಲ ಮುಗಿಸಿದ. ಬ್ಯಾಂಕ್ ನೋಡಿ ಪಾಸಾಗುವುದೇ ಮೋಸ ಅಂತಾರೆ ಚಿಕ್ಕಪ್ಪ. ನಾನೇನು ಮಾಡಲಿ? ಹೆಸರು ಹಾಕಬೇಡಿ.

ಉತ್ತರ: ಈ ಪತ್ರಿಕೆಗೆ ಬರುವ ಮೊದಲು ಹಾಸನದಲ್ಲಿ ಇಪ್ಪತ್ತೆರಡು ವರ್ಷ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟವನು ನಾನು. ನಿನ್ನ ವಯಸ್ಸಿನವರನ್ನು ‘ನೀನು’ ಅಂದೇ ರೂಢಿ, ಬೇಸರ ಮಾಡಿಕೊಳ್ಳಬೇಡ. ವಿಮಾನ ಹಾರಿಸಿದವನಲ್ಲ. ಆದರೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಹಾರಿಸುತ್ತಾಳೆ. ಅವಳು ಪರೀಕ್ಷೆಗೆ ಕೂತ ವರ್ಷ ಪ್ರತಿ ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಅವಳ ಪುಸ್ತಕಗಳನ್ನು ನಾನೂ ಓದಿದ್ದೇನೆ.

ಮೊದಲು ಚಿಕ್ಕಪ್ಪನ ಮಾತು. ಅವರ ಮೇಲೆ ಗೌರವವಿದೆ, ಆದರೆ ಇದನ್ನು ಒಪ್ಪಲಾರೆ. ಸೋರಿದ ಪತ್ರಿಕೆಯನ್ನು ಕೊಂಡರೆ ಅದು ಮೋಸ. ಎಲ್ಲರಿಗೂ ಅಂಗಡಿಯಲ್ಲಿ ಸಿಗುವ ಪ್ರಶ್ನೆಗಳಿಂದ ಅಭ್ಯಾಸ ಮಾಡಿದರೆ ಅದರಲ್ಲಿ ಮುಚ್ಚುಮರೆ ಏನಿದೆ? ಅಮೆರಿಕದ ವಿಮಾನಯಾನ ಇಲಾಖೆ, ಎಫ್‌ಎಎ, ಒಂದು ಕಾಲದಲ್ಲಿ ತನ್ನ ಪರೀಕ್ಷೆಯ ಪೂರ್ತಿ ಪ್ರಶ್ನೆಬ್ಯಾಂಕನ್ನು ತಾನೇ ಪ್ರಕಟಿಸುತ್ತಿತ್ತು. ಈಗ ಮಾದರಿ ಪ್ರಶ್ನೆಗಳನ್ನಷ್ಟೇ ಕೊಡುತ್ತದೆ. ಅಲ್ಲಿ ನನಗೆ ಬಹಳ ಇಷ್ಟವಾದ ಏರ್ಪಾಡು ಇನ್ನೊಂದಿದೆ. ಪಾಸಾದರೂ, ತಪ್ಪಿದ ಪ್ರಶ್ನೆಗಳು ಯಾವ ಯಾವ ವಿಷಯಕ್ಕೆ ಸೇರಿದ್ದವು ಎಂಬುದು ಅಂಕಪಟ್ಟಿಯಲ್ಲಿ ಸಂಕೇತವಾಗಿ ಅಚ್ಚಾಗಿರುತ್ತದೆ. ಆಮೇಲೆ ಲೈಸೆನ್ಸ್‌ಗೆ ಎದುರು ಕೂರಿಸಿಕೊಂಡು ಪರೀಕ್ಷಿಸುವವರು ಅವನ್ನೇ ಹಿಡಿದು ಕೇಳುತ್ತಾರೆ. ಅಲ್ಲೂ ನಮ್ಮಲ್ಲೂ ಪಾಸಿಗೆ 70 ಬೇಕು. ಎಪ್ಪತ್ತು ದಾಟಿತು ಎಂದ ಮಾತ್ರಕ್ಕೆ ಉಳಿದ ಮೂವತ್ತು ಅಲ್ಲಿ ಮಾಫಿಯಾಗುವುದಿಲ್ಲ.

ಈಗ ನಿನ್ನ 58. ಮೆಟಿಯರಾಲಜಿ ಪಾಸಾಗಿ ನ್ಯಾವಿಗೇಷನ್ ನಿಂತಿದ್ದು ನನಗೇನೂ ಆಶ್ಚರ್ಯ ತರಲಿಲ್ಲ. ಮಳೆ ಮೋಡ ಗಾಳಿ ನೀನು ಹುಟ್ಟಿದಂದಿನಿಂದ ನೋಡಿದ್ದು. ಘಟ್ಟಕ್ಕೆ ಬಡಿದು ಮೇಲೇರಿದ ಗಾಳಿ ಸಕಲೇಶಪುರದಲ್ಲಿ ಸುರಿದು ಅರಸೀಕೆರೆಗೆ ಬರಿಗೈಯಲ್ಲಿ ಹೋಗುತ್ತದೆ ಎಂದು ಆಲೂರಿನವಳಿಗೆ ಪುಸ್ತಕ ಹೇಳಬೇಕೆ? ಮಾರ್ಚ್–ಏಪ್ರಿಲ್‌ನ ಹೂಮಳೆಗೆ ಅಪ್ಪ ಆಕಾಶ ನೋಡುತ್ತಾ ನಿಂತಿದ್ದನ್ನು ಕಂಡವಳು ನೀನು. ಆ ಪತ್ರಿಕೆಯಲ್ಲಿ ನೀನು ಉರು ಹೊಡೆದ ಉತ್ತರದ ಬೆನ್ನಿಗೆ ಕಣ್ಣಾರೆ ಕಂಡದ್ದೊಂದು ನಿಂತಿತ್ತು. ನ್ಯಾವಿಗೇಷನ್‌ನಲ್ಲಿ ಹಾಗೆ ಯಾವುದೂ ಇರಲಿಲ್ಲ.

ಒಂದು ಲೆಕ್ಕ ಮಾಡೋಣ. ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಿಂದ ಹಾಸನಕ್ಕೆ ನೇರ ಗೆರೆ ಎಳೆದರೆ ಸುಮಾರು 90 ನಾಟಿಕಲ್ ಮೈಲಿ. 30 ಮೈಲಿ ಬಂದ ಮೇಲೆ ಕೆಳಗಿನ ಕೆರೆ, ರೈಲು ಹಳಿ ನೋಡಿ ಗೆರೆಯಿಂದ 2 ಮೈಲಿ ಎಡಕ್ಕೆ ಸರಿದಿದ್ದೇನೆ ಎಂದು ಗೊತ್ತಾಯಿತು ಅಂದುಕೋ. ಹಾಸನಕ್ಕೆ ನೇರ ಹೋಗಲು ಎಷ್ಟು ಡಿಗ್ರಿ ತಿರುಗಬೇಕು? 60 ಮೈಲಿಗೆ 1 ಮೈಲಿ ಸರಿದರೆ 1 ಡಿಗ್ರಿ, ಇದು ನಿನಗೆ ಗೊತ್ತಿರುವ ಸೂತ್ರ. 30ಕ್ಕೆ 2 ಅಂದರೆ 60ಕ್ಕೆ 4, ಹಾಗಾಗಿ 4 ಡಿಗ್ರಿ ತಪ್ಪು. ಬಲಕ್ಕೆ 4 ತಿರುಗಿದರೆ ಗೆರೆಗೆ ಸಮಾನಾಂತರವಾಗಿ ಹೋಗುತ್ತೀಯೇ ಹೊರತು ಹಾಸನ ಸಿಗುವುದಿಲ್ಲ. ಉಳಿದ 60 ಮೈಲಿಯಲ್ಲಿ ಆ 2 ಮೈಲಿಯನ್ನು ತೀರಿಸಲು ಇನ್ನೂ 2 ಡಿಗ್ರಿ ಬೇಕು. ಒಟ್ಟು 6.

ಬ್ಯಾಂಕಿನಲ್ಲಿ ಇಂಥ ಪ್ರಶ್ನೆಗೆ ನೀನು ‘6, ಮೂರನೆಯ ಆಯ್ಕೆ’ ಅಂತ ನೆನಪಿಟ್ಟಿರುತ್ತೀಯ. ಪರೀಕ್ಷೆಯಲ್ಲಿ 2ರ ಜಾಗಕ್ಕೆ 3 ಹಾಕಿದರೆ ಉತ್ತರ 9. ಆಯ್ಕೆಗಳಲ್ಲಿ 6 ಕೂಡ ಇರುತ್ತದೆ, ಏಕೆಂದರೆ ಎರಡನೆಯ ಹೆಜ್ಜೆಯನ್ನು ಮರೆತವರಿಗೆ ಬರುವ ಉತ್ತರ ಅದೇ. ನಿನ್ನ ಕೈ ಹಳೆಯ ಪರಿಚಯದ ಮೇಲೆ ಅಲ್ಲಿಗೇ ಹೋಗುತ್ತದೆ ಕಣಮ್ಮ.

ಬ್ಯಾಂಕನ್ನು ಬಿಸಾಡಬೇಡ. ಓದುವ ಕ್ರಮ ತಿರುಗಿಸು. ಮೊದಲು ಪಠ್ಯದ ಒಂದು ಅಧ್ಯಾಯ, ಆಮೇಲೆ ಆ ಅಧ್ಯಾಯದ ಪ್ರಶ್ನೆಗಳು. ಆಯ್ಕೆಗಳ ಮೇಲೆ ಅಂಗೈ ಇಟ್ಟು ಮುಚ್ಚಿ, ಉತ್ತರವನ್ನು ಕಾಗದದ ಮೇಲೆ ನೀನೇ ತೆಗೆ. ಅದು ಆದ ಮೇಲೆ ಕೈ ಎತ್ತಿ, ಉಳಿದ ಮೂರು ಉತ್ತರಗಳು ಯಾವ ತಪ್ಪಿನಿಂದ ಹುಟ್ಟಿದವು ಎಂದು ಪಕ್ಕದಲ್ಲಿ ಬರೆ. ಒಂದು ದಿನಕ್ಕೆ ಹತ್ತೇ ಪ್ರಶ್ನೆ ಆದರೂ ಚಿಂತೆಯಿಲ್ಲ. ಬ್ಯಾಂಕಿನ ಹಿಂದಿನ ಕೀ ಉತ್ತರವೂ ತಪ್ಪಿರಬಹುದು. ನಿನ್ನ ಲೆಕ್ಕ ಅದಕ್ಕೆ ಹೊಂದದಿದ್ದರೆ ತಕ್ಷಣ ನಿನ್ನದನ್ನು ಒರೆಸಿಹಾಕಬೇಡ, ಪಠ್ಯಕ್ಕೆ ಹೋಗಿ ನೋಡು. ನನ್ನ ವಿದ್ಯಾರ್ಥಿನಿ ಅಂಥದ್ದೊಂದು ತಪ್ಪು ಕೀ ಹಿಡಿದ ಭಾನುವಾರ ಅವಳ ಮುಖದಲ್ಲಿ ಕಂಡ ಧೈರ್ಯ ನನಗಿನ್ನೂ ನೆನಪಿದೆ. ಆವತ್ತಿನಿಂದ ಅವಳಿಗೆ ಪರೀಕ್ಷೆಯ ಹೆದರಿಕೆ ಹೋಯಿತು.

ಏರ್ ರೆಗ್ಯುಲೇಷನ್ಸ್‌ನಲ್ಲಿ, ಅಂದರೆ ಹಾರಾಟದ ನಿಯಮಗಳ ಪತ್ರಿಕೆಯಲ್ಲಿ, ಬಾಯಿಪಾಠ ಬೇಕೇ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಎಡರೆಕ್ಕೆಯ ತುದಿಗೆ ಕೆಂಪು ದೀಪ, ಬಲಕ್ಕೆ ಹಸಿರು: ಇದಕ್ಕೆ ಲೆಕ್ಕವಿಲ್ಲ, ನೆನಪಿಡಬೇಕು ಅಷ್ಟೆ. ಆದರೆ ರಾತ್ರಿ ನಿನ್ನ ಬಲಗಡೆ ಕೆಂಪು ದೀಪವೊಂದು ಅಡ್ಡ ಬರುತ್ತಿದ್ದರೆ ದಾರಿ ಬಿಡಬೇಕಾದವಳು ನೀನು ಅನ್ನುವುದು ಆ ದೀಪಗಳನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡವರಿಗೆ ಹೊಳೆಯುತ್ತದೆ.

ನಿನ್ನ ಜೊತೆಯವನ ವಿಷಯ. ಅವನು ಪಾಸಾದದ್ದಕ್ಕೆ ಸಂತೋಷಪಡು. ವಿಮಾನ ಕಂಪನಿಗಳು ಕೆಲಸಕ್ಕೆ ಕರೆದಾಗ ಮತ್ತೆ ಪರೀಕ್ಷೆ ಬರೆಸುತ್ತವೆ, ಎದುರು ಕೂರಿಸಿ ‘ಯಾಕೆ’ ಎಂದು ಕೇಳುತ್ತವೆ. ಹಾಗೆ ಎದುರು ಕೂತಾಗ ಆಯ್ಕೆಗಳಿರುವುದಿಲ್ಲ. ಅಷ್ಟರೊಳಗೆ ಅವನೂ ಓದಿಕೊಳ್ಳಲಿ. ನಿಮ್ಮಿಬ್ಬರಿಗೂ ಜೊತೆಯಲ್ಲಿ ಕೂರಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಾಸನ ಸಮುದ್ರಮಟ್ಟದಿಂದ ಸುಮಾರು 3,200 ಅಡಿ ಎತ್ತರದಲ್ಲಿದೆ. ಪುಸ್ತಕದ ಪ್ರಕಾರ ಸಮುದ್ರಮಟ್ಟದಲ್ಲಿ ಉಷ್ಣಾಂಶ 15 ಡಿಗ್ರಿ, ಸಾವಿರ ಅಡಿಗೆ 2 ಡಿಗ್ರಿಯಂತೆ ಇಳಿದು ಇಲ್ಲಿ ಸುಮಾರು 8.6 ಇರಬೇಕು. ಏಪ್ರಿಲ್ ಮಧ್ಯಾಹ್ನ 34 ಇದೆ ಅಂದುಕೋ. 25.4 ಡಿಗ್ರಿ ಹೆಚ್ಚು. ಆ 3,200ಕ್ಕೆ ಡಿಗ್ರಿಗೆ 120 ಅಡಿಯಂತೆ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿ ಎಷ್ಟು ತೆಳುವೆಂದು ಎತ್ತರದಲ್ಲಿ ಹೇಳುವ ಲೆಕ್ಕ, ಸುಮಾರು 6,250 ಅಡಿ. ಮುಳ್ಳಯ್ಯನಗಿರಿಯ ನೆತ್ತಿ 6,330 ಅಡಿ. ಅಂದರೆ ಹಾಸನದ ಬಯಲಿನಲ್ಲಿ ನಿಂತ ಪುಟ್ಟ ವಿಮಾನದ ರೆಕ್ಕೆಗೆ, ಎಂಜಿನ್ನಿಗೆ ಸಿಗುವುದು, ಪುಸ್ತಕದ ಲೆಕ್ಕದಂತೆ ಆ ಬೆಟ್ಟದ ತುದಿಯಲ್ಲಿ ಇರಬೇಕಾದಷ್ಟೇ ತೆಳು ಗಾಳಿ, ಹೆಚ್ಚುಕಡಿಮೆ. ಓಟ ಉದ್ದವಾಗುತ್ತದೆ, ಏರುವುದು ನಿಧಾನವಾಗುತ್ತದೆ. ರನ್‌ವೇ ಸಾಲುತ್ತದೋ ಇಲ್ಲವೋ ಎಂದು ಆ ಮಧ್ಯಾಹ್ನ ತೀರ್ಮಾನಿಸುವವಳು ನೀನೊಬ್ಬಳೇ, ಪಕ್ಕದಲ್ಲಿ ಕೂತವರು ನಿನ್ನನ್ನು ನಂಬಿ ಹತ್ತಿದವರು.

ಭುವನಹಳ್ಳಿಯಲ್ಲಿ ವಿಮಾನ ನಿಲ್ದಾಣಕ್ಕೆಂದು ಗುರುತಿಸಿದ ನೆಲ ನಿಮ್ಮೂರಿನಿಂದ ದೂರವೇನಲ್ಲ. 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ ಕ್ಯಾಪ್ಟನ್ ಗೋಪಿನಾಥ್ ಇದೇ ಜಿಲ್ಲೆಯ ಗೊರೂರಿನವರು. ದಾರಿ ತೀರಾ ಹೊಸದೇನೂ ಅಲ್ಲ.

ನ್ಯಾವಿಗೇಷನ್ ಮತ್ತೆ ಕಟ್ಟು. ಅದಕ್ಕೂ ಮೊದಲು, ನಿಮ್ಮ ಮನೆಯಂಗಳದ ಎತ್ತರ ಎಷ್ಟೆಂದು ನಕ್ಷೆಯಲ್ಲಿ ಹುಡುಕು. ಕಾಫಿ ಒಣಗಿಸುವ ಕಣದ ಪಕ್ಕ ನೆರಳಿನಲ್ಲಿ ಥರ್ಮಾಮೀಟರ್ ತೂಗುಹಾಕಿ ಮಧ್ಯಾಹ್ನ ಎರಡು ಗಂಟೆಯ ಉಷ್ಣಾಂಶ ಬರೆದುಕೋ. ಕಣದ ಡೆನ್ಸಿಟಿ ಆಲ್ಟಿಟ್ಯೂಡ್ ಲೆಕ್ಕ ಮಾಡಿ, ಹೆಜ್ಜೆ ಹೆಜ್ಜೆಯಾಗಿ ಬರೆದು ನನಗೆ ಕಳುಹಿಸು. ತಿದ್ದಿ ವಾಪಸ್ ಕಳಿಸುತ್ತೇನೆ.