ತ್ರಿಕಟು ಗುಳಿಗೆಗೆ ಪೈಪರಿನ್ ಅಂಕಿಯೊಂದೇ ಸಾಕೇ?

ಒಣಶುಂಠಿ, ಕಾಳುಮೆಣಸು, ಹಿಪ್ಪಲಿ ಸೇರಿಸಿ ತ್ರಿಕಟು ಗುಳಿಗೆ ಮಾಡುತ್ತಿದ್ದೀರಿ, ಖಾರ ಕೊಡುವ ಪೈಪರಿನ್ ಎಂಬ ಅಂಶ ಶೇಕಡಾ ಇಷ್ಟಿರಬೇಕು ಎಂದು ಬರೆದರೆ ಗುಣಮಟ್ಟದ ಮಾನದಂಡ ಆಯಿತಲ್ಲವೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಮೂಲಿಕೆ ಔಷಧಿಗಳ ಪರೀಕ್ಷೆಯಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದವನು ನಾನು, ಒಂದೇ ಅಂಕಿಯ ಮೇಲೆ ಎಲ್ಲ ಭಾರ ಹೊರಿಸಿದ ಮಾನದಂಡ ಕಂಡರೆ ನಿಜಕ್ಕೂ ಸಂಕಟವಾಗುತ್ತದೆ.

ಪೈಪರಿನ್ ಮೆಣಸಿನಲ್ಲೂ ಇದೆ, ಹಿಪ್ಪಲಿಯಲ್ಲೂ ಇದೆ. ಒಂದು ಚೂರು ಹಿಪ್ಪಲಿ ಹಾಕದೆ ಮೆಣಸನ್ನೇ ಹೆಚ್ಚಿಸಿದರೂ ನಿಮ್ಮ ಅಂಕಿ ಪಾಸಾಗುತ್ತದೆ. ಶುಂಠಿ ಇದೆಯೋ ಇಲ್ಲವೋ ಎಂಬುದನ್ನಂತೂ ಅದು ಹೇಳುವುದೇ ಇಲ್ಲ.

ಆದ್ದರಿಂದ ಪ್ರಮಾಣಕ್ಕಿಂತ ಮೊದಲು ಗುರುತು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲೆಂದು ಮೂಲಿಕೆ ಔಷಧಿ ತೆಗೆದುಕೊಂಡ ಹಲವು ಹೆಂಗಸರ ಮೂತ್ರಪಿಂಡಗಳೇ ಹಾಳಾದವು. ಸ್ಟೆಫಾನಿಯಾ ಟೆಟ್ರಾಂಡ್ರಾ ಬೇರಿನ ಜಾಗದಲ್ಲಿ ಅರಿಸ್ಟೊಲೋಕಿಯಾ ಫಾಂಗ್ಚಿ ಬೇರು ಸೇರಿಹೋಗಿತ್ತು. ಚೀನೀ ಭಾಷೆಯಲ್ಲಿ ಎರಡಕ್ಕೂ ಫಾಂಗ್‌ಜಿ ಎಂಬ ಹೆಸರು ಅಂಟಿಕೊಂಡಿದೆ. ಎರಡನೆಯದರಲ್ಲಿ ಮಾತ್ರ ಅರಿಸ್ಟೊಲೋಕಿಕ್ ಆಮ್ಲ ಎಂಬ ವಿಷವಿದೆ. ಹೆಸರು ನಂಬಿ ಸರಕು ತೆಗೆದುಕೊಂಡರೆ ಹೀಗೂ ಆಗುತ್ತದೆ.

ಪುಡಿ ಮಾಡುವ ಮೊದಲೇ ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ. ಇಡಿಯಾಗಿರುವಾಗ ಕಣ್ಣಿಗೇ ಗೊತ್ತಾಗುವುದು ಪುಡಿಯಾದ ಮೇಲೆ ಸೂಕ್ಷ್ಮದರ್ಶಕವನ್ನು ಕೇಳಬೇಕಾಗುತ್ತದೆ. ಗುಳಿಗೆಗೆ ತೆಳುಪದರ ಕ್ರೊಮ್ಯಾಟೋಗ್ರಫಿ (ಸಾರದ ಅಂಶಗಳನ್ನು ತಟ್ಟೆಯ ಮೇಲೆ ಬೇರೆಬೇರೆ ಕಲೆಗಳಾಗಿ ಬಿಡಿಸುವ ಪರೀಕ್ಷೆ) ಇರಲಿ, ಆದರೆ ಅದನ್ನು ಹೀಗೆ ಮಾಡಿ: ಹಿಪ್ಪಲಿ ಬಿಟ್ಟು ಒಂದು ಸಣ್ಣ ಗುಳಿಗೆ, ಮೆಣಸು ಬಿಟ್ಟು ಇನ್ನೊಂದು, ಶುಂಠಿ ಬಿಟ್ಟು ಮತ್ತೊಂದು ಕಟ್ಟಿ. ಪೂರ್ತಿ ಗುಳಿಗೆಯೂ ಸೇರಿ ನಾಲ್ಕರ ಸಾರವನ್ನೂ ಒಂದೇ ತಟ್ಟೆಯ ಮೇಲೆ ಪಕ್ಕಪಕ್ಕದಲ್ಲಿ ಓಡಿಸಿ. 254 ನ್ಯಾನೊಮೀಟರ್ ಅತಿನೇರಳೆ ಬೆಳಕಿನಲ್ಲಿ ಹಸಿರಾಗಿ ಹೊಳೆಯುವ ತಟ್ಟೆಯ ಮೇಲೆ ಪೈಪರಿನ್ ಕಪ್ಪು ಕಲೆಯಾಗಿ ನಿಲ್ಲುತ್ತದೆ, ಶುಂಠಿ ಬಿಟ್ಟ ಸಾಲಿನಲ್ಲೂ ನಿಲ್ಲುತ್ತದೆ. ನೀವು ಹುಡುಕಬೇಕಾದ್ದು ಆ ಸಾಲಿನಲ್ಲಿ ಮಾತ್ರ ಇಲ್ಲದ, ಉಳಿದ ಮೂರು ಸಾಲಿನಲ್ಲೂ ಇರುವ ಕಲೆಯನ್ನು. ಅದು ಸಿಕ್ಕರೆ ಶುಂಠಿಯ ಗುರುತು ಸಿಕ್ಕಿತು. ಹಿಪ್ಪಲಿ, ಮೆಣಸು ಹತ್ತಿರದ ನೆಂಟರು, ಅವುಗಳನ್ನು ಬೇರ್ಪಡಿಸಲು ತಾಳ್ಮೆ ಬೇಕು. ಅಲ್ಲಿ ಅವಸರ ಮಾಡಬೇಡಿ.

ಇನ್ನು ಮಿತಿ. ಚೆನ್ನಾಗಿ ಬಂದ ಒಂದೇ ಬ್ಯಾಚ್ ನೋಡಿ ಅಂಕಿ ಹಾಕಬಾರದು. ಬೇರೆಬೇರೆ ಸುಗ್ಗಿಯ ಸರಕಿನಿಂದ ಕನಿಷ್ಠ ಹತ್ತು ಬ್ಯಾಚ್ ಮಾಡಿ, ಏರಿಳಿತ ಎಷ್ಟೆಂದು ನೋಡಿ. ಶುಂಠಿಯ ಖಾರದ ಅಂಶವಾದ ಜಿಂಜರಾಲ್ ಒಣಗಿಸುವಾಗಲೂ ಇಟ್ಟಾಗಲೂ ಶೊಗಾಲ್ ಎಂಬ ಇನ್ನೊಂದು ಅಂಶವಾಗಿ ಬದಲಾಗುತ್ತಾ ಹೋಗುತ್ತದೆ. ಜಿಂಜರಾಲ್ ಒಂದಕ್ಕೇ ಮಿತಿ ಇಟ್ಟರೆ ಹಳೆಯ ಗುಳಿಗೆ ಸುಮ್ಮನೆ ಫೇಲ್ ಆಗುತ್ತದೆ. ಎರಡನ್ನೂ ಅಳೆದು ಬರೆಯಿರಿ.

ಕರಗುವ ಸಮಯವೂ ಹಾಗೆಯೇ. ಕಟ್ಟಿದ ವಾರದಲ್ಲಿ ಇಪ್ಪತ್ತೈದು ನಿಮಿಷಕ್ಕೆ ಒಡೆಯುತ್ತಿದ್ದ ಒಂದು ಗುಳಿಗೆಯನ್ನು 40 ಡಿಗ್ರಿ ಸೆಲ್ಸಿಯಸ್, ಶೇ 75 ತೇವಾಂಶದಲ್ಲಿ ಆರು ತಿಂಗಳು ಇಟ್ಟು ಮತ್ತೆ ನೀರಿಗೆ ಹಾಕಿದ್ದೆ. ಗಂಟೆ ಕಳೆದರೂ ನಡುವಿನ ತಿರುಳು ಕಲ್ಲಿನಂತೆ ಹಾಗೇ ಉಳಿದಿತ್ತು. ಹೊಸದರಲ್ಲಿ ಮಾತ್ರ ಅಳೆದಿದ್ದರೆ ನನಗದು ತಿಳಿಯುತ್ತಲೇ ಇರಲಿಲ್ಲ.

ಸುರಕ್ಷತೆಗೆ ಚೌಕಾಸಿ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಮೂಲಿಕೆಗಳಿಗೆ ಸೀಸ ಕಿಲೋಗೆ 10 ಮಿಲಿಗ್ರಾಂ, ಕ್ಯಾಡ್ಮಿಯಂ 0.3 ಮಿಲಿಗ್ರಾಂ ಎಂಬ ಮಿತಿಯಿದೆ. ಮೆಣಸಿನ ಜತೆ ಬ್ಯಾಕ್ಟೀರಿಯಾ ಬೀಜಾಣುಗಳು ಧಾರಾಳವಾಗಿ ಬರುತ್ತವೆ, ಗುಳಿಗೆ ಒಣಗಿಸುವ ಬಿಸಿಗೆ ಅವು ಸಾಯುವುದಿಲ್ಲ. ಸಾಲ್ಮೊನೆಲ್ಲಾ, ಈ. ಕೋಲಿ ಎಂಬ ಬ್ಯಾಕ್ಟೀರಿಯಾಗಳು, ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ, ಮೂರೂ ಪರೀಕ್ಷೆಯ ಪಟ್ಟಿಯಲ್ಲಿರಲಿ.

ಮೊದಲು ಆ ನಾಲ್ಕು ಸಾಲಿನ ತಟ್ಟೆ ಓಡಿಸಿ, ಫೋಟೊ ಇಲ್ಲೇ ಹಾಕಿ. ಯಾವ ಕಲೆಯನ್ನು ಹಿಡಿಯಬೇಕು ಎಂದು ಒಟ್ಟಿಗೆ ನೋಡೋಣ.